ನೀರು ಇಲ್ಲೀತನಕ

ಮೊನ್ನೆ ಮೊಮ್ಮಗಳ ಶಾಲೆಯಿಂದ ನುಣುಪು ಹಾಳೆಯ ಒಂದು ಪುಸ್ತಿಕೆ ಬಂತು. ಈ ವರ್ಷ ಮಕ್ಕಳ ಕಲಿಕೆಯನ್ನು ಹೇಗೆ ಸುಧಾರಿಸುತ್ತೇವೆ, ಅವರ ಮನಸ್ಸನ್ನು ಹೇಗೆ ನೆಮ್ಮದಿಯಾಗಿ ಇಡುತ್ತೇವೆ ಎಂಬುದನ್ನು ಬಣ್ಣಬಣ್ಣದ ಚೌಕಗಳಲ್ಲಿ ಅಚ್ಚು ಹಾಕಿಸಿದ್ದರು. ಕೊನೆಯ ಪುಟದಲ್ಲಿ, ಓದಿ ಒಪ್ಪಿದ್ದೇವೆ ಎಂದು ಮನೆಯವರು ಸಹಿ ಮಾಡಬೇಕಂತೆ. ಮಗ ಓದದೆಯೇ ಪೆನ್ನು ತೆಗೆದ. ನಾನು ತಡೆದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಅಜ್ಜಿ ಪರೀಕ್ಷೆಗೆ ಕೂತಿದ್ದಾಳೆ ಎಂದು ಮೊಮ್ಮಗಳು ನಕ್ಕಳು. ನಗಲಿ ಬಿಡಿ. ಇಂಥದೇ ಒಂದು ಯೋಜನೆಯನ್ನು ಒಂದು ಕಾಲಕ್ಕೆ ನಾನೂ ಜಾರಿಗೆ ತಂದವಳು ಎಂಬುದು ಅವಳಿಗೆ ಗೊತ್ತಿಲ್ಲ. ಅದರಲ್ಲಿ ಒಂದು ಕೂಸು ನನ್ನ ಕಣ್ಣೆದುರಿಗೇ ಸತ್ತೇ ಹೋಗುವುದರಲ್ಲಿತ್ತು ಎಂಬುದಂತೂ ಮಗನಿಗೂ ಗೊತ್ತಿಲ್ಲ.

ಅದು ಎಪ್ಪತ್ತರ ದಶಕ. ಬಸವನ ಬಾಗೇವಾಡಿ ತಾಲೂಕಿನ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಹುಡುಕಿಕೊಂಡು ಹೋಗಲಾರಿರಿ, ಅದು ಈಗ ನೀರಿನೊಳಗಿದೆ. ಗೊಳಸಂಗಿಯಲ್ಲಿ ಬಸ್ಸಿಳಿದು ಅಲ್ಲಿಂದ ಚಕ್ಕಡಿ ಹಿಡಿಯಬೇಕಿತ್ತು. ಮೊದಲ ನೌಕರಿಗೆಂದು ನಾನು ಹಿಮ್ಮಡ ಎತ್ತರದ ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಎರೆಮಣ್ಣು ಅದರಲ್ಲಿ ಒಂದನ್ನು ಮೊದಲ ದಿನವೇ ನುಂಗಿತು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಕೆಸರು ಮೆತ್ತಿಕೊಂಡು ಶಾಲೆಯ ಕಟ್ಟೆ ಹತ್ತಿದ ಅಕ್ಕೋರನ್ನು ಆ ಮಕ್ಕಳು ಎಷ್ಟು ದಿನ ನೆನೆಸಿಕೊಂಡು ನಕ್ಕರೋ. ನಾನು ಹುಟ್ಟಿ ಬೆಳೆದದ್ದು ಬರದ ಸೀಮೆಯ ಇಂಡಿಯಲ್ಲಿ. ನೀರೆಂದರೆ ಬಾವಿಯ ತಳದಲ್ಲಿ ಹೊಳೆಯುವ ಬಿಲ್ಲೆಯಷ್ಟಗಲದ ಬೆಳಕು, ಅಷ್ಟೇ. ಹೊಳೆಯ ದಂಡೆಯವರು ನೀರನ್ನು ಹೇಗೆ ಯೋಚಿಸುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದಿಲ್ಲ ಎಂಬುದೂ ತಿಳಿದಿರಲಿಲ್ಲ.

ಶಾಲೆ ಎಂದರೆ ಎರಡು ಕೋಣೆ, ನಾಲ್ಕು ಇಯತ್ತೆ, ಇಬ್ಬರು ಮಾಸ್ತರರು. ಒಬ್ಬಳು ನಾನು. ಇನ್ನೊಬ್ಬರು ಹೆಡ್ ಮಾಸ್ತರು ಮಲ್ಲಪ್ಪನವರು. ಬಿಳಿ ಧೋತರ, ಕರಿ ಟೊಪ್ಪಿಗೆ, ಮಾತಿಗೊಮ್ಮೆ ಸಣ್ಣ ಕೆಮ್ಮು. ಆ ವರ್ಷ ಅವರು ವಿಜಾಪುರಕ್ಕೆ ತರಬೇತಿಗೆ ಹೋಗಿ ಬಂದವರು ಬೇರೆಯೇ ಮನುಷ್ಯರಾಗಿದ್ದರು. ಬಂದ ಮರುದಿನವೇ ಬೆತ್ತವನ್ನು ಮುರಿದು ಒಲೆಗೆ ಹಾಕಿಸಿದರು. ಕಿರಾಣಿ ಅಂಗಡಿಯಿಂದ ಒಂದು ದೊಡ್ಡ ಕಂದು ಹಾಳೆ ತಂದು, ಮಸಿಯಲ್ಲಿ ಅದ್ದಿದ ಟಾಕಿನಲ್ಲಿ 'ಸಾಲಿ ಸುಧಾರಣೆ' ಎಂದು ಬರೆದು ಗೋಡೆಗೆ ಅಂಟಿಸಿದರು. ಮಕ್ಕಳು ಗಟ್ಟಿಯಾಗಿ ಓದಬೇಕು. ಉಗುರು, ಹಲ್ಲು ದಿನಾ ನೋಡಬೇಕು. ದಿನಕ್ಕೊಂದು ಆಟ. ತಿಂಗಳಿಗೊಮ್ಮೆ ತೂಕ. ಕಲಿಸುವುದೆಲ್ಲ ಕಣ್ಣಿಗೆ ಕಾಣುವ ಹಾಗಿರಬೇಕು. ಕಟ್ಟಕಡೆಗೆ, ಎರಡು ಗೆರೆ ಎಳೆದು, 'ಮಕ್ಕಳಿಗೆ ಅಂಜಿಕೆ ಇರಬಾರದು.'

ತೂಕದ ಕೆಲಸ ಮಜಾ ಇತ್ತು. ಕಿರಾಣಿ ಅಂಗಡಿಯ ಜೋಳದ ತಕ್ಕಡಿಯಲ್ಲಿ ಒಂದು ಕಡೆ ಹುಡುಗ, ಇನ್ನೊಂದು ಕಡೆ ಬೆಲ್ಲದ ಪೆಂಟಿ. ಹುಡುಗನಿಗಿಂತ ಬೆಲ್ಲವೇ ಹೆಚ್ಚು ತೂಗಿದರೆ ಅವನಿಗೆ ಮಧ್ಯಾಹ್ನದ ಉಪ್ಪಿಟ್ಟಿನಲ್ಲಿ ಇನ್ನೊಂದು ಸೌಟು. ಆ ಉಪ್ಪಿಟ್ಟು ಪರದೇಶದಿಂದ ಚೀಲದಲ್ಲಿ ಬರುತ್ತಿದ್ದ ಹಳದಿ ರವೆಯದು. ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ, ಚಲೋ ವಾಸನೆಯೇನಲ್ಲ. ಎಲ್ಲರಿಗಿಂತ ಹಗುರ ತೂಗಿದವಳು ಮೂರನೆಯ ಇಯತ್ತೆಯ ನಿಂಗಿ. ಅವಳಿಗೆ ಎಂಟು ವರ್ಷ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಸುಳ್ಳಲ್ಲ, ಹತ್ತೊಂಬತ್ತರ ಮಗ್ಗಿಯಲ್ಲಿ ಅವಳು ನನ್ನನ್ನು ಎರಡು ಸಲ ತಿದ್ದಿದ್ದಾಳೆ.

ಮಕ್ಕಳ ಕ್ಷೇಮದ ಕೆಲಸವನ್ನು ಮಲ್ಲಪ್ಪ ಮಾಸ್ತರರು ನನಗೆ ವಹಿಸಿದರು. ಹೆಣ್ಣುಮಕ್ಕಳಿಗೆ ಕೂಸುಗಳ ಮನಸ್ಸು ತಾನಾಗಿಯೇ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಇಪ್ಪತ್ತು ವರ್ಷದ ನಾನು ಅದನ್ನು ನಂಬಿ ಉಬ್ಬಿದೆ. ಅವರಿಗೆ ಉಳಿದ ಚಿಂತೆ ಹಾಜರಿಯದು. ಸುಗ್ಗಿ, ಸಂತೆ, ಮಳೆ ಎಂದು ಮಕ್ಕಳು ತಪ್ಪಿಸುತ್ತಿದ್ದರು. ಒಂದು ದಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಅವರೇ ಬರೆದರು: 'ಮಳಿ ಬರಲಿ, ಹೊಳಿ ಬರಲಿ, ಸಾಲಿ ತಪ್ಪಿಸಬಾರದು.' ಪ್ರಾಸ ಚೆನ್ನಾಗಿದೆ ಎಂದು ನಾನು ಹೊಗಳಿದೆ. ಮಕ್ಕಳು ದಿನಾ ಒಳಗೆ ಬರುವಾಗ ಅದನ್ನು ಗಟ್ಟಿಯಾಗಿ ಓದಿ ಬರತೊಡಗಿದರು.

ದೀಪಾವಳಿ ಮುಗಿದ ಮೇಲೆ ಅಳತೆಯವರು ಬಂದರು. ಆಲಮಟ್ಟಿಯಲ್ಲಿ ಆಣೆಕಟ್ಟು ಏಳುತ್ತಿತ್ತು. ನೀರು ನಿಂತರೆ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಹಾಕುವುದು ಅವರ ಕೆಲಸ. ಮೂರು ಕಾಲಿನ ದುರ್ಬೀನು ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ನಮ್ಮ ಶಾಲೆಯ ಹೊರಗೋಡೆಯ ಮೇಲೆ ಒಂದು ಕೆಂಪು ಗೆರೆ ಎಳೆದು, ಚಹಾ ಕುಡಿದು ಹೋದರು. ಗೆರೆ ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ದೊಡ್ಡವರಿಗೆ ಅದು ಹೊಸದಲ್ಲ. ನೀರು ಬರುವುದು ಇನ್ನೂ ಎಷ್ಟೋ ವರ್ಷಕ್ಕೆ, ನೋಡೋಣ ಎಂದು ಎಲೆ ಅಡಿಕೆ ಹಾಕಿಕೊಂಡು ಕೂತರು. ಮಕ್ಕಳು ಮಾತ್ರ ಅದರ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು.

ಆಗ ನನಗೊಂದು ಬುದ್ಧಿ ಹೊಳೆಯಿತು. ಕಲಿಸುವುದೆಲ್ಲ ಕಣ್ಣಿಗೆ ಕಾಣಬೇಕಲ್ಲವೆ? ಒಂದು ಭಾನುವಾರ ಮನೆಯ ಮುಂದೆ ಸಾರಿಸಲು ತಂದಿದ್ದ ಕೆಮ್ಮಣ್ಣಿನ ಜಾಜು ಕಲಸಿಕೊಂಡು ಹೋಗಿ, ಹೊರಗಿನ ಗೆರೆಯ ಎತ್ತರಕ್ಕೆ ಸರಿಯಾಗಿ ನನ್ನ ಕೋಣೆಯ ಒಳಗೆ ನಾಲ್ಕೂ ಗೋಡೆಗೆ ಕೆಂಪು ಗೆರೆ ಎಳೆದೆ. ಬೋರ್ಡಿನ ಮೇಲೆ, ಕಿಟಕಿಯ ಮೇಲೆ, ಸುತ್ತಲೂ. ಮರುದಿನ ಕಡ್ಡಿ ಹಿಡಿದು ಪಾಠ ಮಾಡಿದೆ. ಆಣೆಕಟ್ಟು ಎಂದರೇನು, ಕಾಲುವೆ ಎಂದರೇನು, ನೀರಿನಿಂದ ದೀಪ ಹೇಗೆ ಉರಿಯುತ್ತದೆ. ಕೊನೆಗೆ ಕಡ್ಡಿಯನ್ನು ಗೆರೆಗೆ ಮುಟ್ಟಿಸಿ, "ನೀರು ಇಲ್ಲೀತನಕ ಬರ್ತೈತಿ" ಎಂದೆ. ನಲವತ್ತು ಮುಖ ಮೇಲೆ ನೋಡಿದವು. ಅಷ್ಟು ಗಮನವಿಟ್ಟು ಅವರು ನನ್ನ ಪಾಠವನ್ನು ಎಂದೂ ಕೇಳಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಮಾತಿನ ಮುಂದೆ ಇನ್ನೊಂದು ಮಾತು ಇರಬೇಕಿತ್ತು ಎಂಬುದು ಹೊಳೆಯಲೇ ಇಲ್ಲ. ಆಗ ನಾವು ಇಲ್ಲಿ ಇರುವುದಿಲ್ಲ ಎಂದು ನಾನು ಹೇಳಲಿಲ್ಲ.

ಅಂದಿನಿಂದ ನನ್ನ ಕೋಣೆಯಲ್ಲಿ ಗದ್ದಲ ಕಡಿಮೆಯಾಯಿತು. ಮೊದಲು ಪಿಸುಮಾತಾಯಿತು, ಆಮೇಲೆ ಅದೂ ನಿಂತಿತು. ಪಾಟಿ ತೆಗೆಯುವಾಗ ಕೈಗಳು ನಿಧಾನ ಏಳುತ್ತಿದ್ದವು, ನಿಧಾನ ಇಳಿಯುತ್ತಿದ್ದವು. ಪ್ರಶ್ನೆ ಕೇಳಿದರೆ ಎದ್ದು, ಕುತ್ತಿಗೆ ನೀಡಿ, ಗದ್ದ ಮೇಲೆ ಮಾಡಿ ಉತ್ತರ ಹೇಳಿ ಕೂಡಲೇ ಕೂತುಬಿಡುತ್ತಿದ್ದರು. ನಾನು ಅದನ್ನು ಶಿಸ್ತು ಎಂದುಕೊಂಡೆ. ಬೆತ್ತವಿಲ್ಲದೆ ಮಕ್ಕಳು ಇಷ್ಟು ಶಾಂತವಾದರು ನೋಡ್ರಿ ಎಂದು ಮಲ್ಲಪ್ಪ ಮಾಸ್ತರರಿಗೆ ಹೇಳಿಕೊಂಡೆ. ಅವರು ಕೆಮ್ಮಿ, ಸಂತೋಷಪಟ್ಟು, ಕಂದು ಹಾಳೆಯ ಮೇಲೆ 'ಅಂಜಿಕೆ ಇರಬಾರದು' ಎಂಬ ಸಾಲಿಗೆ ಒಂದು ಸರಿ ಗುರುತು ಹಾಕಿದರು. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಕಿಟಕಿಯ ಹೊರಗಿನ ಹೊಳೆಯ ಸಪ್ಪಳ ಕೇಳುತ್ತಿತ್ತು. ನಾನು ಅದನ್ನು ಕೇಳಿ ಆನಂದಪಡುತ್ತಿದ್ದೆ.

ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು. ಒಂದು ದಿನ ಊಟಕ್ಕೆ ಮನೆಗೆ ಹೋದವಳು ಗಂಟೆಗೆ ಮೊದಲೇ ತಿರುಗಿ ಬಂದೆ. ಚಪ್ಪಲಿಯ ಉಂಗುಷ್ಟ ಕಿತ್ತಿತ್ತು, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ಹಾಗಾಗಿ ನನ್ನ ಹೆಜ್ಜೆಯ ಸಪ್ಪಳವಾಗಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಿಟಕಿ ಮುಚ್ಚಿ ಮಬ್ಬು. ಹೊಸ್ತಿಲಲ್ಲಿ ನಿಂತೆ.

ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸಾಲಾಗಿ ಕೂತಿದ್ದರು. ಗಲ್ಲ ಉಬ್ಬಿದ್ದವು. ಕಣ್ಣು ತೆರೆದಿದ್ದವು. ಯಾರೂ ನನ್ನ ಕಡೆ ನೋಡಲಿಲ್ಲ. ಹೆಣ್ಣುಮಕ್ಕಳು ಜಡೆ ಬಿಚ್ಚಿದ್ದರು, ತಲೆಯನ್ನು ಆಚೆ ಈಚೆ ಮೆಲ್ಲಗೆ ತೂಗುತ್ತಿದ್ದರು, ಕೂದಲು ಹಾಗೇ ಆಡುತ್ತಿತ್ತು. ಕೆಲವರು ಪಾಟಿಯ ಮೇಲೆ ಬರೆಯುತ್ತಿದ್ದರು, ತೀರ ನಿಧಾನ. ಒಬ್ಬಳು ಬೋರ್ಡಿನ ಪಕ್ಕ ನಿಂತು ಒಂದೊಂದೇ ಬೆರಳು ಬಿಚ್ಚಿ ಎಣಿಸುತ್ತಿದ್ದಳು. ಒಂದು ಉಸಿರಿನ ಸಪ್ಪಳವಿಲ್ಲ. ಅವರ ತಲೆಯ ಮೇಲೆ ಸುತ್ತಲೂ ನಾನು ಎಳೆದ ಕೆಂಪು ಗೆರೆ. ಏನಿದು ಎಂದು ಕೇಳಲು ಬಾಯಿ ತೆರೆಯಬೇಕೆಂದರೆ ತೆರೆಯಲಾಗಲಿಲ್ಲ. ಬಾಯಿ ತೆರೆದರೆ ಏನೋ ಒಳಗೆ ನುಗ್ಗೀತು ಎಂಬ ಭಯ. ನಾನೂ ಉಸಿರು ಹಿಡಿದುಕೊಂಡು ನಿಂತಿದ್ದೇನೆ ಎಂಬುದು ಎದೆ ನೋಯತೊಡಗಿದ ಮೇಲೆಯೇ ನನಗೆ ತಿಳಿದದ್ದು.

ಕೈಯೊಳಗಿನ ಚಪ್ಪಲಿ ಜಾರಿ ಬಿತ್ತು. ಆ ಸಪ್ಪಳಕ್ಕೆ ಇಡೀ ಕೋಣೆ ಒಂದೇ ಸಲ ಉಸಿರು ಬಿಟ್ಟಿತು. ಗಾಳಿ ಬೀಸಿದಂತಾಯಿತು. ಎಲ್ಲರೂ ಕೆಮ್ಮಿದರು, ಕಣ್ಣೊರೆಸಿಕೊಂಡರು. ನಿಂಗಿಯೊಬ್ಬಳು ಬಿಡಲಿಲ್ಲ. ಮೊದಲ ಸಾಲಿನಲ್ಲಿ ನೆಟ್ಟಗೆ ಕೂತೇ ಇದ್ದಳು. ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ನಾನು ಹೆಸರು ಹಿಡಿದು ಕೂಗಿದೆ. ಅವಳು ನನ್ನನ್ನು ನೋಡಿ ಸ್ವಲ್ಪ ನಕ್ಕಂತೆ ಮಾಡಿ, ಹಾಗೇ ಪಕ್ಕಕ್ಕೆ ವಾಲಿದಳು.

ಎತ್ತಿಕೊಂಡು ಕಟ್ಟೆಗೆ ಓಡಿದೆ. ಬೆಲ್ಲದ ಪೆಂಟಿಗಿಂತ ಹಗುರವಾದ ಕೂಸು ಅಂದು ಕಲ್ಲಿನಷ್ಟು ಭಾರವಾಗಿತ್ತು. ಮಲ್ಲಪ್ಪ ಮಾಸ್ತರರು ಓಡಿ ಬಂದು ಬೋರಲು ಹಾಕಿ ಬೆನ್ನು ಬಡಿದರು, ತಿಕ್ಕಿದರು. ಎಷ್ಟು ಹೊತ್ತೋ. ಕೊನೆಗೊಮ್ಮೆ ಬಿಕ್ಕಿದ ಹಾಗೆ ಸಪ್ಪಳ ಮಾಡಿ ಉಸಿರೆಳೆದಳು. ಕಣ್ಣು ಬಿಟ್ಟವಳು ನನ್ನನ್ನು ನೋಡಿ, "ಅಕ್ಕೋರ, ನಿಮಗ ಎಷ್ಟರ ತನಕಾ ಬರ್ತೈತ್ರಿ?" ಎಂದು ಕೇಳಿದಳು.

ಏನು ಬರುವುದು ಎಂದೆ.

"ದಮ್ಮ ಹಿಡಿಯೂದ್ರಿ. ನೀವು ಒಮ್ಮೆನೂ ಮಾಡೂದಿಲ್ಲ. ನೀರು ಬಂದ ಮ್ಯಾಲ ನಮಗ ಯಾರು ಕಲಸ್ತಾರ?"

ಮಲ್ಲಪ್ಪ ಮಾಸ್ತರರು ಮಕ್ಕಳನ್ನೆಲ್ಲ ಹತ್ತಿರ ಕರೆದು ಮೆತ್ತಗೆ ಕೇಳಿದರು. ಎಲ್ಲ ಹೊರಗೆ ಬಂತು. ನೀರು ಗೆರೆಯ ತನಕ ಬರುತ್ತದೆ ಎಂದು ಅಕ್ಕೋರು ಹೇಳಿದ್ದಾರೆ. ಹೊಳೆ ಬಂದರೂ ಶಾಲೆ ತಪ್ಪಿಸಬಾರದು ಎಂದು ದೊಡ್ಡ ಮಾಸ್ತರರು ಬಾಗಿಲ ಮೇಲೆ ಬರೆದಿದ್ದಾರೆ. ಎರಡೂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ನೀರಿನೊಳಗೆ ಕೂತು ಕಲಿಯಬೇಕು. ಅದಕ್ಕೇ ದಿನಾ ಊಟದ ಹೊತ್ತಿನಲ್ಲಿ ರೂಢಿ ಮಾಡುತ್ತಿದ್ದರು. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಏಕೆಂದರೆ ಅಂಜಬಾರದು ಎಂದೂ ಗೋಡೆಯ ಮೇಲೆ ಬರೆದಿತ್ತಲ್ಲ.

ಮಾಸ್ತರರು ಒಳಗೆ ಹೋಗಿ ಕಂದು ಹಾಳೆಯನ್ನು ಕೆಳಗಿಳಿಸಿದರು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಅಂದು ಸಂಜೆಯೇ ನಾನು ಗೆರೆಯ ಮೇಲೆ ಸುಣ್ಣ ಬಳಿದೆ. ಬೆಳಿಗ್ಗೆ ಬಂದು ನೋಡಿದರೆ ಒಣಗಿದ ಸುಣ್ಣದೊಳಗಿಂದ ಜಾಜು ಮೇಲೆದ್ದಿತ್ತು, ತೆಳು ಕೆಂಪಾಗಿ, ಮೊದಲಿಗಿಂತ ಅಗಲವಾಗಿ. ಇನ್ನೊಮ್ಮೆ ಬಳಿದೆ. ಮತ್ತೆ ಎದ್ದಿತು. ಸುಣ್ಣದ ಕೆಳಗೆ ಜಾಜು ಇದ್ದರೆ ಹಾಗೇ ಆಗುತ್ತದೆ ಎಂದು ಯಾರೋ ತಿಳಿಸಿದರು. ಕಾರಣ ತಿಳಿದರೂ ಆ ಕೋಣೆಯಲ್ಲಿ ಒಬ್ಬಳೇ ನಿಲ್ಲುವ ಧೈರ್ಯ ನನಗೆ ಬರಲಿಲ್ಲ.

ನಿಂಗಿ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವಳ ಮನೆಗೆ ಹೋದೆ. ತಂದೆ ತಾಯಿ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಅವಳ ಅಜ್ಜಿ ಸಿದ್ದವ್ವ ಕೂತಿದ್ದಳು, ಮಗ್ಗುಲಲ್ಲಿ ಕೌದಿಯ ಮೇಲೆ ನಿಂಗಿ ಮಲಗಿದ್ದಳು. ಅಜ್ಜಿಯ ಅಂಗೈ ಮೊಮ್ಮಗಳ ಮೂಗಿನ ಮುಂದಿತ್ತು. ಕೂಡ್ರಲು ಹೇಳಿದಳು, ನೀರಿನ ತಂಬಿಗೆ ತೋರಿಸಿದಳು, ಕೈ ಮಾತ್ರ ತೆಗೆಯಲಿಲ್ಲ.

"ನಿದ್ದಿಯಾಗೂ ಉಸರ ನಿಲ್ಲಿಸ್ತೈತ್ರಿ ಅಕ್ಕೋರ. ಮುಟ್ಟಿ ಎಬ್ಬಿಸಿದ್ರ ತೊಗೋತೈತಿ. ನಾ ಎಷ್ಟ ದಿನಾ ಹಿಂಗ ಕುಂದರ್ಲಿ?"

ಉಳಿದ ಮಕ್ಕಳು ಅಂಜಿ, ದಮ್ಮು ಹಿಡಿಯುವುದನ್ನು ಬಿಟ್ಟುಬಿಟ್ಟಿದ್ದರು. ಇವಳು ಏಕೆ ಬಿಡುತ್ತಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ.

ಮಲ್ಲಪ್ಪ ಮಾಸ್ತರರು ಎಲ್ಲರೂ ನಗುವಂಥ ಒಂದು ಕೆಲಸ ಮಾಡಿದರು. ಊರ ಹಿಂದೆ ಎತ್ತರದ ದಿನ್ನೆಯೊಂದಿತ್ತು. ಒಂದು ಮುಂಜಾನೆ ಚಕ್ಕಡಿ ತರಿಸಿ ಬೋರ್ಡು, ಹಾಜರಿ ಪುಸ್ತಕ, ಗಂಟೆ ಬಾರಿಸುವ ರೈಲು ಹಳಿಯ ತುಂಡು, ಉಪ್ಪಿಟ್ಟಿನ ಪಾತ್ರೆ ಎಲ್ಲ ಏರಿಸಿ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಆ ದಿನ್ನೆಗೆ ಹೊರಟರು. ಶಾಲೆಗೆ ಹುಚ್ಚು ಹಿಡಿದಿದೆ ಎಂದು ಊರು ಕಟ್ಟೆಯ ಮೇಲೆ ನಿಂತು ನೋಡಿತು. ಮೇಲಿನ ಬೇವಿನ ಗಿಡಕ್ಕೆ ಹಳಿ ಕಟ್ಟಿ ಅವರೇ ಗಂಟೆ ಬಾರಿಸಿದರು. ಹಾಜರಿ ಕೂಗಿದರು. ಆಮೇಲೆ ಕೆಳಗಿನ ಶಾಲೆಯ ಕಡೆ ಬೆರಳು ಮಾಡಿ, ನನಗೆ ಹೇಳಲು ಹೊಳೆಯದೆ ಹೋದದ್ದನ್ನು ಅವರು ಹೇಳಿದರು.

"ಗ್ವಾಡಿ ಅಂದ್ರ ಸಾಲಿ ಅಲ್ಲ. ನೀವು ಎಲ್ಲಿ ಇರ್ತೀರಿ, ಅದು ಸಾಲಿ. ನೀರು ಬಂದ್ರ ನಾವು ಎದ್ದು ಬರೂದು, ಇಲ್ಲಿ. ಯಾರೂ ಅಲ್ಲಿ ಕುಂದರೂದಿಲ್ಲ. ನಾ ತಪ್ಪು ಬರದಿದ್ದೆ."

ಮಾಸ್ತರರು ತಪ್ಪು ಒಪ್ಪಿಕೊಂಡದ್ದನ್ನು ಆ ಮಕ್ಕಳು ಎಂದೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಮಗ್ಗಿ ಹೇಳಲು ತಿಳಿಸಿದಾಗ ಮೊದಲು ಒಂದೆರಡು ದನಿ, ಆಮೇಲೆ ಎಲ್ಲವೂ. ದಿನ್ನೆಯ ಮೇಲಿನ ಗಾಳಿಗೆ ಎದುರಾಗಿ ಕಿರುಚಿ ಕಿರುಚಿ ಹೇಳಿದರು. ಎರಡು ತಿಂಗಳ ಮೇಲೆ ನನ್ನ ಕಿವಿ ತುಂಬಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಮಕ್ಕಳು ನೋಡಲಿಲ್ಲ ಎಂದುಕೊಂಡಿದ್ದೇನೆ.

ನಿಂಗಿಯನ್ನು ಸಿದ್ದವ್ವ ಬಗಲಲ್ಲಿ ಹೊತ್ತು ತಂದಿದ್ದಳು. ಅವಳು ಮಗ್ಗಿ ಹೇಳಲಿಲ್ಲ. ಹೊಳೆಯ ಕಡೆಗೇ ನೋಡುತ್ತ ಕೂತಿದ್ದಳು. ಮಾಸ್ತರರು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ನೀನೂ ಇಲ್ಲಿಗೆ ಬರುತ್ತೀಯಲ್ಲ ಎಂದು ಕೇಳಿದರು. ನಿಂಗಿ ದಂಡೆಯ ಹೊಲದ ಕಡೆ ಬೆರಳು ಮಾಡಿದಳು.

"ಮುತ್ಯಾ ಹೆಂಗ ಬರ್ತಾನ್ರಿ?"

ಆಗ ಸಿದ್ದವ್ವನ ಮುಖ ನೋಡಬೇಕಿತ್ತು ನೀವು. ನಿಂಗಿಯನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವನು ಮುತ್ಯಾ, ಸಿದ್ದವ್ವನ ಗಂಡ. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಹೊಳೆಯ ದಂಡೆಯ ತಮ್ಮದೇ ಸೌತೆಕಾಯಿ ಹೊಲದಲ್ಲಿ ಮಣ್ಣು ಮಾಡಿದ್ದರು. ನೀರು ಬಂದರೆ ಮೊದಲು ಮುಳುಗುವುದು ಆ ಹೊಲ. ಊರವರೆಲ್ಲ ಎದ್ದು ಮೇಲೆ ಬಂದರೂ ಮುತ್ಯಾ ಅಲ್ಲೇ ಇರುತ್ತಾನೆ, ಒಬ್ಬನೇ, ನೀರಿನ ಕೆಳಗೆ. ಅವನ ಜೋಡಿ ಇರಲು ಈ ಕೂಸು ತಯಾರಿ ನಡೆಸಿತ್ತು.

ಸಿದ್ದವ್ವ ಅಳಲಿಲ್ಲ. "ನಿನ್ನ ಮುತ್ಯಾಗ ನೀರಂದ್ರ ಅಂಜಿಕಿ ಇದ್ದಿದ್ದಿಲ್ಲ. ತುಂಬಿದ ಹೊಳಿ ಈಜಿ ಬಂದಾಂವ ಅವ" ಎಂದಳು. ಕೂಸಿನ ಕೂದಲು ಹಿಂದಕ್ಕೆ ಸರಿಸಿ, "ನೀ ಅಲ್ಲಿ ಕುಂತ್ರ ಅವ ನನಗ ಬೈತಾನ. ಸಂಜಿಕ ಹೋಗಿ ನೀನ ಅವಂಗ ಹೇಳಿ ಬಾ, ನಾ ಮ್ಯಾಲ ಇರ್ತೇನಿ ಅಂತ" ಎಂದಳು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಚಿಂತೆ ಮಾಡುವುದು ಬೇಡ. ನಿಂಗಿ ಉಳಿದಳು. ಅಂದಿನಿಂದ ನಿದ್ದೆಯಲ್ಲಿ ಉಸಿರು ನಿಲ್ಲಲಿಲ್ಲ. ಏಳನೆಯ ಇಯತ್ತೆ ಮುಗಿಸಿ, ಮುದ್ದೇಬಿಹಾಳದ ಕಡೆಗೆ ಮದುವೆಯಾಗಿ ಹೋದಳೆಂದು ಕೇಳಿದೆ. ನನಗೆ ಎರಡು ವರ್ಷದ ಮೇಲೆ ಸಿಂದಗಿಗೆ ವರ್ಗವಾಯಿತು. ಅಲ್ಲಿ ನಾನು ಗೋಡೆಗೆ ಯಾವ ಗೆರೆಯನ್ನೂ ಎಳೆಯಲಿಲ್ಲ. ಮಲ್ಲಪ್ಪ ಮಾಸ್ತರರು ನೌಕರಿ ಮುಗಿಯುವವರೆಗೂ ವರ್ಷಕ್ಕೊಂದು ದಿನ ದಿನ್ನೆಯ ಮೇಲೆ ಶಾಲೆ ನಡೆಸುತ್ತಿದ್ದರಂತೆ. ಬಹಳ ವರ್ಷದ ಮೇಲೆ ನೀರು ಬಂತು. ಆ ಕಡೆ ನಾನು ಮತ್ತೆ ಹೋಗಲಿಲ್ಲ.

ದಿನ್ನೆಗೆ ಹೋದ ಆ ಮೊದಲ ದಿನದ ಸಂಜೆ ಸಿದ್ದವ್ವ, ಮೊಣಕಾಲು ನೋವು, ದಂಡೆಗಿಳಿಯಲು ಆಗುವುದಿಲ್ಲ ಎಂದಳು. ಈಗ ಅನಿಸುತ್ತದೆ, ಅದು ನೆಪ. ನಿಂಗಿಯ ಜೋಡಿ ನಾನು ಹೋದೆ. ಹೊತ್ತು ಇನ್ನೂ ಇತ್ತು, ಹೊಳೆಯ ಮೇಲೆ ಬಿಸಿಲು ಹಳದಿಯಾಗಿತ್ತು. ಹೊಲದ ಮೂಲೆಯಲ್ಲಿ ಒಂದು ಮಣ್ಣಿನ ಗುಡ್ಡೆ, ಅದರ ಮೇಲೆ ಒಂದು ಕಲ್ಲು. ನಿಂಗಿ ನನ್ನ ಕೈ ಬಿಟ್ಟು ಹೋಗಿ, ನೆಲದ ಮೇಲೆ ಬೋರಲು ಮಲಗಿ, ಮಣ್ಣಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ನಾನು ದೂರ ನಿಂತೆ. ಮಾತು ಕೇಳಿಸಲಿಲ್ಲ. ಹೇಳುವುದು, ಕಿವಿ ಹಚ್ಚಿ ಕೇಳುವುದು, ಮತ್ತೆ ಹೇಳುವುದು. ಯಾರೋ ತಪ್ಪು ಉತ್ತರ ಕೊಟ್ಟಾಗ ಮಾಡುವಂತೆ ಒಮ್ಮೆ ಅಡ್ಡಡ್ಡ ತಲೆಯಾಡಿಸಿದಳು. ಕೊನೆಗೆ ಎದ್ದು, ಲಂಗದ ಮಣ್ಣು ಕೊಡವಿಕೊಂಡು, ಹಗುರಾಗಿ ನಡೆದು ಬಂದಳು.

ಹೇಳಿದೆಯಾ ಎಂದು ಕೇಳಿದೆ.

"ಹೇಳಿದೆನ್ರಿ. ಹೂಂ ಅಂದ. ದಮ್ಮ ಹಿಡಿಯೂದು ಅಂವಗ ಕಲಿಸಿ ಬಂದೇನಿ."

ನಾವು ಊರ ಕಡೆ ನಡೆದೆವು. ಅವಳು ನನ್ನ ಬೆರಳು ಹಿಡಿದಿದ್ದಳು. ಅವಳ ತುಟಿ ಸಪ್ಪಳವಿಲ್ಲದೆ ಆಡುತ್ತಿತ್ತು. ಹಾಡು ಗುನುಗುತ್ತಿದ್ದಾಳೆ ಎಂದುಕೊಂಡೆ. ಹೊಲದ ಬದು ದಾಟುವಲ್ಲಿ ಗಕ್ಕನೆ ನಿಂತು, ಕತ್ತು ವಾರೆ ಮಾಡಿ, ಹಿಂದಕ್ಕೆ ಕಿವಿಗೊಟ್ಟಳು. ಹೊಳೆಯ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಅವಳ ಮುಖ ಅರಳಿತು.

"ಅರವತ್ತ ಎಣಿಕಿ ದಾಟಿದ ನೋಡ್ರಿ ಅಕ್ಕೋರ," ಎಂದಳು. "ಇನ್ನೂ ದಮ್ಮ ಬಿಟ್ಟಿಲ್ಲ."